ನಮ್ಮ ಮಕ್ಕಳು ಬೆಳೆಯುವ ನೆಲದ ಚರಿತ್ರೆ ಅವರ ಪಾಠದಲ್ಲಿರಲಿ: ಕ್ಯಾಲಿಫೋರ್ನಿಯಾದ ಕನ್ನಡಿಗ ಪೋಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಎಥ್ನಿಕ್ ಸ್ಟಡೀಸ್ (ಅಮೆರಿಕದ ಕಪ್ಪು, ಲ್ಯಾಟಿನೋ, ಮೂಲನಿವಾಸಿ ಮತ್ತು ಏಷ್ಯನ್ ಜನರ ಚರಿತ್ರೆ, ಬದುಕುಗಳ ಅಧ್ಯಯನ) ಎಂಬ ವಿಷಯವನ್ನು ಕಡ್ಡಾಯಗೊಳಿಸುವ ಎಬಿ 101 ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರು 2021ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. 2025-26ರಿಂದ ಪ್ರತಿ ಹೈಸ್ಕೂಲಿನಲ್ಲೂ ಕನಿಷ್ಠ ಒಂದು ಸೆಮಿಸ್ಟರ್‌ನಷ್ಟು ಪಾಠ ಸಿಗಬೇಕು, 2029-30ರಲ್ಲಿ ಹೈಸ್ಕೂಲು ಮುಗಿಸುವವರು ಅದನ್ನು ಓದಿರಲೇಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಶಾಸನಸಭೆ ಹಣ ಮಂಜೂರು ಮಾಡಿದರೆ ಮಾತ್ರ ಈ ಕಡ್ಡಾಯ ಜಾರಿಗೆ ಬರುತ್ತದೆ ಎಂಬ ಷರತ್ತೂ ಅದರಲ್ಲೇ ಇದೆ. 2025-26ರ ಬಜೆಟ್ಟಿನಲ್ಲಿ ಆ ಹಣ ಬರಲಿಲ್ಲ. ಹೀಗಾಗಿ ತೀರ್ಮಾನ ಒಂದೊಂದು ಊರಿನ ಶಾಲಾ ಮಂಡಳಿಯ ಕೈಗೆ ಬಂದಿದೆ. ಕೆಲವು ಮಂಡಳಿಗಳು ಪಾಠವನ್ನು ಮುಂದುವರಿಸಿವೆ, ಕೆಲವು ಕೈಬಿಟ್ಟಿವೆ. ನಿಮ್ಮ ಊರಿನ ಮಂಡಳಿ ಈ ಪಾಠವನ್ನು ಉಳಿಸಿಕೊಳ್ಳುವಂತೆ, ಮತ್ತು ಅದರೊಳಗೆ ಲ್ಯಾಟಿನೋ ಜನರ (ಲ್ಯಾಟಿನ್ ಅಮೆರಿಕ ಮೂಲದವರ) ಅಧ್ಯಯನವನ್ನೂ ಅಮೆರಿಕದ ಮೂಲನಿವಾಸಿಗಳ ಅಧ್ಯಯನವನ್ನೂ ಬೇರ್ಪಡಿಸದೆ ಒಟ್ಟಿಗೆ ಕಲಿಸುವಂತೆ ನೀವು ಕೇಳಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮವರ ನಡುವೆ ಈ ವಿಷಯ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಮಕ್ಕಳಿಗೆ ಇರುವ ಓದೇ ಸಾಕಷ್ಟಿದೆ, ಕಾಲೇಜು ಮಟ್ಟದ ಎಪಿ ತರಗತಿಗಳಿಗೇ ಸಮಯ ಸಾಲುವುದಿಲ್ಲ, ಹೀಗಿರುವಾಗ ನಮ್ಮದಲ್ಲದ ಚರಿತ್ರೆಗೆ ಅರ್ಧ ವರ್ಷವನ್ನೇಕೆ ಕೊಡಬೇಕು? ಕಾಲೇಜು ಪ್ರವೇಶದ ಪೈಪೋಟಿಯನ್ನು ಬಲ್ಲ ಯಾರೂ ಈ ಆತಂಕವನ್ನು ತಳ್ಳಿಹಾಕಲಾರರು. ಆದರೆ ಇದು ನಮ್ಮದಲ್ಲದ ಚರಿತ್ರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಬಹುಪಾಲು ಜನ ಈ ದೇಶಕ್ಕೆ ಬರಲು ಸಾಧ್ಯವಾದದ್ದು 1965ರ ವಲಸೆ ಕಾನೂನಿನಿಂದ. ಅದಕ್ಕೂ ಮೊದಲು ಭಾರತಕ್ಕೆ ವರ್ಷಕ್ಕೆ ನೂರು ಜನರಷ್ಟು ಮಾತ್ರ ಪಾಲಿತ್ತು. ನಮಗೆ ಬಾಗಿಲು ತೆರೆದ ಅದೇ ಕಾನೂನು ಪಶ್ಚಿಮ ಗೋಳಾರ್ಧದ ದೇಶಗಳಿಂದ ಬರುವವರಿಗೆ ಮೊಟ್ಟಮೊದಲ ಬಾರಿಗೆ ಸಂಖ್ಯೆಯ ಮಿತಿಯನ್ನು ಹೇರಿತು: ಎಲ್ಲ ದೇಶಗಳೂ ಸೇರಿ ವರ್ಷಕ್ಕೆ 1,20,000. 1942ರಿಂದ ಸುಮಾರು 45 ಲಕ್ಷ ಗುತ್ತಿಗೆಗಳ ಮೂಲಕ ಮೆಕ್ಸಿಕೋದ ಕೂಲಿಕಾರರನ್ನು ಇಲ್ಲಿನ ಹೊಲಗಳಿಗೆ ಕರೆಸಿಕೊಂಡಿದ್ದ ಬ್ರಸೇರೋ ಯೋಜನೆ 1964ರ ಕೊನೆಗೆ ಆಗಲೇ ಮುಗಿದಿತ್ತು. 1976ರಲ್ಲಿ ಒಂದು ದೇಶಕ್ಕೆ ವರ್ಷಕ್ಕೆ 20,000 ಎಂಬ ಮಿತಿ ಮೆಕ್ಸಿಕೋಗೂ ಬಂತು. ಹೊಲದಲ್ಲಿ ಕೆಲಸ ಹಾಗೆಯೇ ಇತ್ತು, ಕೆಲಸಗಾರರೂ ಅವರೇ; ಬದಲಾದದ್ದು ಅವರ ಕಾನೂನಿನ ಸ್ಥಾನಮಾನ ಮಾತ್ರ. ನಮ್ಮ ಎಷ್ಟೋ ಮನೆಗಳು ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವುದು ಕೂಡ ಒಂದೊಂದು ದೇಶಕ್ಕೆ ಇಂತಿಷ್ಟೇ ಎಂಬ ಇದೇ ಬಗೆಯ ಲೆಕ್ಕದಿಂದ. ನಾವು ಹೇಗೆ ಬಂದೆವು, ಅವರು ಹೇಗೆ ಅಕ್ರಮ ವಲಸಿಗರಾದರು ಎಂಬುದು ಒಂದೇ ಕಾನೂನಿನ ಎರಡು ಪರಿಣಾಮಗಳು ಎಂದ ಮೇಲೆ, ಒಂದನ್ನು ನಮ್ಮ ಚರಿತ್ರೆಯೆಂದೂ ಇನ್ನೊಂದನ್ನು ಬೇರೆಯವರದೆಂದೂ ಮಕ್ಕಳಿಗೆ ಹೇಳುವುದು ಸರಿಯಲ್ಲ. ಇನ್ನೂ ಹಿಂದೆ ಹೋದರೆ, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ನಿಂತ ಪಂಜಾಬಿ ಗಂಡಸರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಕಟ್ಟಿದ ನೂರಾರು ಸಂಸಾರಗಳು ಸಿಗುತ್ತವೆ.

ಇನ್ನು ನೆಲದ ಮಾತು. ಫ್ರೀಮಾಂಟ್‌ನಲ್ಲಿ ಕನ್ನಡಿಗರ ಮನೆಗಳು ಬಹಳ. ಅಲ್ಲಿ 1797ರಲ್ಲಿ ಸ್ಥಾಪನೆಯಾದ ಮಿಷನ್ ಸ್ಯಾನ್ ಹೊಸೆ, ಅಂದರೆ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಲು ಸ್ಪ್ಯಾನಿಷ್ ಪಾದ್ರಿಗಳು ಕಟ್ಟಿಸಿದ ನೆಲೆ, ಇದೆ. ಅದರಿಂದ ಸ್ವಲ್ಪವೇ ದೂರದಲ್ಲಿ, ವಾಷಿಂಗ್ಟನ್ ಬುಲವಾರ್ಡಿನ ಪಕ್ಕದಲ್ಲಿ ಈ ನೆಲದ ಮೂಲನಿವಾಸಿಗಳಾದ ಓಲೋನಿ ಜನರ ಸ್ಮಶಾನವಿದೆ. ಮಿಷನ್ನನ್ನು ಕಟ್ಟಲು ಪಾದ್ರಿಗಳಿಗೆ ನೆರವಾದ ನಾಲ್ಕು ಸಾವಿರ ಓಲೋನಿಗಳು ಇಲ್ಲಿ ಮಲಗಿದ್ದಾರೆಂದು ಅಲ್ಲಿನ ಕಲ್ಲು ಹೇಳುತ್ತದೆ. ಅವರು ಏಕೆ ಅಷ್ಟೊಂದು ಸಂಖ್ಯೆಯಲ್ಲಿ ಸತ್ತರು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ. ಅದನ್ನು ತಿಳಿಯಲು ಮಿಷನ್ನುಗಳ ದೀಕ್ಷಾಸ್ನಾನದ ಮತ್ತು ಸಾವಿನ ದಾಖಲೆಗಳನ್ನು ಒಂದೊಂದಾಗಿ ಹೊಂದಿಸಿ ಓದಬೇಕು. ರಾಜ್ಯದ 21 ಮಿಷನ್ನುಗಳ ಸುಮಾರು ಒಂದು ಲಕ್ಷ ದೀಕ್ಷಾಸ್ನಾನದ ನಮೂದುಗಳನ್ನು ವಿದ್ವಾಂಸರು ಹೀಗೆ ಗಣಕಕ್ಕೆ ಏರಿಸಿದ್ದಾರೆ. ಯಾವ ಹಳ್ಳಿಯಿಂದ ಯಾರನ್ನು ಯಾವ ವರ್ಷ ಕರೆತಂದರು, 1806ರ ದಡಾರದಲ್ಲಿ ಯಾವ ಮಿಷನ್ನಿನಲ್ಲಿ ಎಷ್ಟು ಮಕ್ಕಳು ಸತ್ತರು ಎಂಬುದು ಅದರಿಂದ ಹೊರಬರುತ್ತದೆ. ಚರಿತ್ರಕಾರರೊಬ್ಬರೇ ಮಾಡಿ ಮುಗಿಸುವ ಕೆಲಸ ಇದಲ್ಲ. ಜನಸಂಖ್ಯಾಶಾಸ್ತ್ರ, ರೋಗಶಾಸ್ತ್ರ, ಸ್ಪ್ಯಾನಿಷ್ ಹಸ್ತಪ್ರತಿಗಳ ಓದು ಎಲ್ಲವೂ ಬೇಕು.

ಇದೇ ಓಲೋನಿಗಳು ಬಹುಮಟ್ಟಿಗೆ ನಿರ್ನಾಮವಾಗಿದ್ದಾರೆ ಎಂದು ಬರ್ಕ್ಲಿಯ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ 1925ರಲ್ಲಿ ಬರೆದರು. ಎರಡು ವರ್ಷಗಳಲ್ಲಿ, 1927ರಲ್ಲಿ, ಫೆಡರಲ್ ಸರ್ಕಾರದ ಮಾನ್ಯತೆಯಿದ್ದ ಬುಡಕಟ್ಟುಗಳ ಪಟ್ಟಿಯಿಂದಲೂ ಅವರು ಬಿಟ್ಟುಹೋದರು. ಮುವೆಕ್ಮಾ ಓಲೋನಿಗಳು ಆ ಮಾನ್ಯತೆಗಾಗಿ ಇಂದಿಗೂ ಹೋರಾಡುತ್ತಿದ್ದಾರೆ. ನಿರ್ನಾಮವಾದರೆನ್ನಲಾದ ಅದೇ ದಶಕದಲ್ಲಿ ಪ್ಲೆಸಂಟನ್ ಬಳಿ ಏಂಜೆಲಾ ಕೋಲೋಸ್ ಮತ್ತು ಹೊಸೆ ಗುಸ್ಮಾನ್ ಎಂಬ ಹಿರಿಯರು ಭಾಷಾತಜ್ಞ ಜೆ. ಪಿ. ಹ್ಯಾರಿಂಗ್ಟನ್ ಎದುರು ಕೂತು ತಮ್ಮ ಚೊಚೆನ್ಯೋ ಭಾಷೆಯ ಮಾತು, ಹಾಡು, ಕಥೆಗಳನ್ನು ಬರೆಸುತ್ತಿದ್ದರು. ಆಮೇಲೆ ಆ ಭಾಷೆಯನ್ನಾಡುವವರು ಉಳಿಯಲಿಲ್ಲ. ಈ ಶತಮಾನದಲ್ಲಿ ಅವರ ಸಮುದಾಯದ ಯುವಜನರು ಆ ಟಿಪ್ಪಣಿಗಳನ್ನೇ ಹಿಡಿದು ಭಾಷೆಯನ್ನು ಮತ್ತೆ ಕಲಿತು, ಮಾತನಾಡಲು ತೊಡಗಿದ್ದಾರೆ. ಟಿಪ್ಪಣಿಗಳಲ್ಲಿ ಅರ್ಥವನ್ನು ಬಿಡಿಸಿಟ್ಟಿರುವುದು ಬಹುಪಾಲು ಸ್ಪ್ಯಾನಿಷಿನಲ್ಲಿ. ಏಕೆಂದರೆ ಮಿಷನ್ನುಗಳ ಕಾಲದಿಂದ ಅವರು ಹೊರಗಿನವರೊಂದಿಗೆ ಆಡುತ್ತಿದ್ದ ಭಾಷೆ ಅದು. ಓಲೋನಿಯನ್ನು ತಿಳಿಯಲು ಸ್ಪ್ಯಾನಿಷ್ ಬೇಕು. ಮೂಲನಿವಾಸಿಗಳ ಅಧ್ಯಯನ ಒಂದು ಕೋಣೆಯಲ್ಲಿ, ಲ್ಯಾಟಿನೋ ಅಧ್ಯಯನ ಇನ್ನೊಂದು ಕೋಣೆಯಲ್ಲಿ ಎಂದು ಬೇರ್ಪಡಿಸಿದರೆ ಎರಡೂ ಕುಂಟುತ್ತವೆ ಎನ್ನಲು ನನಗಿರುವ ಮೊದಲ ಕಾರಣ ಇದು. ವಾರಾಂತ್ಯದ ಕನ್ನಡ ತರಗತಿಗೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ತಂದೆತಾಯಿಗಳಿಗೆ ಆ ಯುವಜನರ ಕಷ್ಟ ಏನೆಂದು ಹೆಚ್ಚು ವಿವರಿಸಬೇಕಾಗಿಲ್ಲ.

1848ರ ಜನವರಿಯಲ್ಲಿ ಕೊಲೋಮಾದಲ್ಲಿ ಚಿನ್ನ ಸಿಕ್ಕಿತು; ಫೆಬ್ರವರಿಯಲ್ಲಿ ಗ್ವಾಡಲೂಪೆ ಇಡಾಲ್ಗೋ ಒಪ್ಪಂದದ ಮೂಲಕ ಮೆಕ್ಸಿಕೋ ಈ ಇಡೀ ಪ್ರದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಮುಂದಿನ ಸುಮಾರು 25 ವರ್ಷಗಳಲ್ಲಿ ರಾಜ್ಯದ ಮೂಲನಿವಾಸಿಗಳ ಸಂಖ್ಯೆ ಅಂದಾಜು 1,50,000ದಿಂದ 30,000ಕ್ಕೆ ಇಳಿಯಿತು. ರೋಗ ಮತ್ತು ಹಸಿವಿನ ಜೊತೆಗೆ ಸರ್ಕಾರದ ಹಣದಲ್ಲಿ ಹೊರಟ ಸಶಸ್ತ್ರ ತಂಡಗಳೂ ಅದಕ್ಕೆ ಕಾರಣ. 1850ರ ಒಂದು ಕಾನೂನು ಮೂಲನಿವಾಸಿಗಳ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಲು, ಅಲೆಮಾರಿಗಳೆಂಬ ಹೆಸರಿನಲ್ಲಿ ದೊಡ್ಡವರ ದುಡಿಮೆಯನ್ನು ಹರಾಜು ಹಾಕಲು ಅವಕಾಶ ಕೊಟ್ಟಿತು. 1851-52ರಲ್ಲಿ ಬುಡಕಟ್ಟುಗಳೊಂದಿಗೆ ಮಾಡಿಕೊಂಡ 18 ಒಪ್ಪಂದಗಳನ್ನು ಸೆನೆಟ್ ಅನುಮೋದಿಸದೆ ಗುಟ್ಟಾಗಿ ಇಟ್ಟಿತು. 1905ರವರೆಗೆ ಅವು ಹೊರಬರಲಿಲ್ಲ. 2019ರ ಜೂನ್‌ನಲ್ಲಿ ಗವರ್ನರ್ ನ್ಯೂಸಮ್ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. ರಾಜ್ಯವೇ ಕ್ಷಮೆ ಕೇಳಿದ ವಿಷಯ ಪ್ರತಿಯೊಂದು ಹೈಸ್ಕೂಲಿನ ಪಾಠದಲ್ಲೂ ಇರಬೇಡವೇ?

ಈ ಅಧ್ಯಯನವನ್ನು ಅಂತರಶಿಸ್ತೀಯ (ಹಲವು ಶಾಸ್ತ್ರಗಳನ್ನು ಬೆಸೆಯುವಂಥದ್ದು) ಎಂದು ಕರೆಯುವುದು ಏಕೆ ಬರಿಯ ವಿಶ್ವವಿದ್ಯಾಲಯದ ಪರಿಭಾಷೆಯಲ್ಲ ಎಂಬುದನ್ನು ತೋರಿಸಲು ಒಂದು ಜಮೀನಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುನೆಮಿತ್ಸು ಎಂಬ ಜಪಾನಿ ಮೂಲದ ಕುಟುಂಬಕ್ಕೆ ಒಂದು ಹೊಲವಿತ್ತು. 1942ರಲ್ಲಿ, ಜಪಾನಿನೊಂದಿಗಿನ ಯುದ್ಧದ ಕಾಲದಲ್ಲಿ, ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಸರ್ಕಾರ ಶಿಬಿರಗಳಿಗೆ ಅಟ್ಟಿದಾಗ ಈ ಕುಟುಂಬ ಅರಿಝೋನಾದ ಪೋಸ್ಟನ್ ಶಿಬಿರ ಸೇರಿತು. ಪೋಸ್ಟನ್ ಶಿಬಿರವನ್ನು ಕಟ್ಟಿದ್ದು ಕೊಲರಾಡೋ ನದಿಯ ಮೂಲನಿವಾಸಿಗಳ ಮೀಸಲು ನೆಲದಲ್ಲಿ. ಬೇರೆಯವರಿಗೆ ಆಗುವ ಅನ್ಯಾಯದಲ್ಲಿ ನಾವು ಭಾಗಿಗಳಾಗುವುದಿಲ್ಲ ಎಂದು ಅಲ್ಲಿನ ಬುಡಕಟ್ಟು ಮಂಡಳಿ ವಿರೋಧಿಸಿತು, ಸರ್ಕಾರ ಕೇಳಲಿಲ್ಲ. ಇತ್ತ ಮುನೆಮಿತ್ಸು ಅವರ ಹೊಲವನ್ನು ಗೊನ್ಸಾಲೋ ಮೆಂಡೆಸ್ ಮತ್ತು ಫೆಲಿಸಿಟಾಸ್ ಮೆಂಡೆಸ್ ದಂಪತಿ ಗುತ್ತಿಗೆಗೆ ಹಿಡಿದರು. ಗೊನ್ಸಾಲೋ ಮೆಕ್ಸಿಕೋ ಮೂಲದವರು, ಫೆಲಿಸಿಟಾಸ್ ಪೋರ್ಟೊರಿಕೋದವರು. ಅವರ ಮಕ್ಕಳನ್ನು ಸೋದರತ್ತೆ ತನ್ನ ಮಕ್ಕಳ ಜೊತೆಗೆ ಊರಿನ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ, ತಿಳಿಬಣ್ಣದ, ಫ್ರೆಂಚ್‌ನಂತೆ ಕೇಳುವ ಮನೆತನದ ಹೆಸರಿದ್ದ ಅತ್ತೆಯ ಮಕ್ಕಳನ್ನು ಸೇರಿಸಿಕೊಳ್ಳಲು ಶಾಲೆ ಒಪ್ಪಿತು. ಮೆಂಡೆಸ್ ಮಕ್ಕಳಿಗೆ ಮಾತ್ರ ಮೆಕ್ಸಿಕನ್ ಶಾಲೆಗೆ ಹೋಗಿ ಎಂದಿತು.

ಅಂದಿನ ಶಿಕ್ಷಣ ಕಾನೂನು ಮೂಲನಿವಾಸಿ, ಚೀನಿ, ಜಪಾನಿ ಮತ್ತು ಮಂಗೋಲಿಯನ್ ಮೂಲದ ಮಕ್ಕಳನ್ನು ಬೇರೆ ಶಾಲೆಯಲ್ಲಿಡಲು ಅವಕಾಶ ಕೊಟ್ಟಿತ್ತು. ಮೆಕ್ಸಿಕನ್ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಶಾಲೆಗಳು ಇಂಗ್ಲಿಷ್ ಬರುವುದಿಲ್ಲ ಎಂಬ ನೆಪ ಹೇಳುತ್ತಿದ್ದವು. ಈ ಪಟ್ಟಿಯ ವಿರುದ್ಧ ಮೊದಲೇ ದನಿಯೆತ್ತಿದವಳು ಓವೆನ್ಸ್ ಕಣಿವೆಯ ಬಿಗ್ ಪೈನ್ ಊರಿನ ಪಾಯೂಟ್ ಹುಡುಗಿ ಆಲಿಸ್ ಪೈಪರ್. ಊರಿನ ಸಾರ್ವಜನಿಕ ಶಾಲೆಗೆ ಸೇರುವ ಹಕ್ಕು ಅವಳಿಗಿದೆಯೆಂದು ರಾಜ್ಯದ ಸುಪ್ರೀಂ ಕೋರ್ಟ್ 1924ರಲ್ಲಿ ತೀರ್ಪು ಕೊಟ್ಟಿತ್ತು. ಮೆಂಡೆಸ್ ಮತ್ತು ಇತರ ನಾಲ್ಕು ಕುಟುಂಬಗಳು ಸುಮಾರು 5,000 ಮಕ್ಕಳ ಪರವಾಗಿ 1945ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋದವು. ಅಲ್ಲಿ ಸಾಕ್ಷಿ ನುಡಿದವರಲ್ಲಿ ಯುಸಿಎಲ್‌ಎಯ ಮಾನವಶಾಸ್ತ್ರಜ್ಞ ರಾಲ್ಫ್ ಬೀಲ್ಸ್ ಒಬ್ಬರು. ಮೆಕ್ಸಿಕೋದ ಮಿಹೆ ಮತ್ತು ಪುರೆಪೆಚಾ ಮೂಲನಿವಾಸಿಗಳ ನಡುವೆ ಕ್ಷೇತ್ರಕಾರ್ಯ ಮಾಡಿದವರು. ಮಕ್ಕಳನ್ನು ಬೇರ್ಪಡಿಸುವುದರಿಂದ ಆಗುವ ಹಾನಿಯನ್ನು ಅವರು ವಿವರಿಸಿದರು. 1946ರಲ್ಲಿ ನ್ಯಾಯಾಧೀಶ ಪಾಲ್ ಮೆಕಾರ್ಮಿಕ್ ಕುಟುಂಬಗಳ ಪರವಾಗಿ ತೀರ್ಪಿತ್ತರು, 1947ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು, ಅದೇ ವರ್ಷ ಗವರ್ನರ್ ಅರ್ಲ್ ವಾರನ್ ಅವರ ಸಹಿಯೊಂದಿಗೆ ಆ ಪಟ್ಟಿಯೇ ಕಾನೂನಿನಿಂದ ಹೋಯಿತು. ಏಳು ವರ್ಷಗಳ ಬಳಿಕ ಇಡೀ ದೇಶದ ಶಾಲೆಗಳಲ್ಲಿ ಪ್ರತ್ಯೇಕತೆಯನ್ನು ರದ್ದುಪಡಿಸಿದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿಯೂ ಇದೇ ವಾರನ್.

ಈ ಒಂದು ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಭೂಮಿಯ ಗುತ್ತಿಗೆ, ಯುದ್ಧಕಾಲದ ಆದೇಶಗಳು, ಮೀಸಲು ಪ್ರದೇಶಗಳ ಆಡಳಿತ, ವಲಸೆ, ಸಂವಿಧಾನ, ಭಾಷೆ, ಮಾನವಶಾಸ್ತ್ರ ಇಷ್ಟನ್ನೂ ಒಟ್ಟಿಗೆ ಹಿಡಿಯಬೇಕು. ಪಠ್ಯಪುಸ್ತಕದ ಅಂಚಿನಲ್ಲಿ ಕೊಡುವ ಒಂದು ಚೌಕದ ಟಿಪ್ಪಣಿಗೆ ಇದು ದಕ್ಕುವಂಥದ್ದಲ್ಲ. ನಮ್ಮ ಮಕ್ಕಳು ಇಂದು ಯಾವ ಶಾಲೆಗೆ ಬೇಕಾದರೂ ಸೇರಬಹುದು ಎಂಬುದರ ಹಿಂದೆ ಆಲಿಸ್ ಪೈಪರ್ ಮತ್ತು ಮೆಂಡೆಸ್ ಕುಟುಂಬ ಇದ್ದಾರೆ ಎಂಬುದನ್ನೂ ನೆನೆಯಬೇಕು.

ಇಂಥ ಪಾಠ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಅರಿಝೋನಾ ತೋರಿಸಿದೆ. ಟೂಸಾನ್‌ನ ಹೈಸ್ಕೂಲುಗಳಲ್ಲಿ ಚೆನ್ನಾಗಿ ನಡೆಯುತ್ತಿದ್ದ ಮೆಕ್ಸಿಕನ್ ಅಮೆರಿಕನ್ ಅಧ್ಯಯನವನ್ನು ಗುರಿಯಾಗಿಸಿಕೊಂಡು ಆ ರಾಜ್ಯ 2010ರಲ್ಲಿ ಒಂದು ಕಾನೂನು ಮಾಡಿತು. ಅನುದಾನ ಕಡಿತದ ಬೆದರಿಕೆಗೆ ಮಣಿದ ಶಾಲಾ ಜಿಲ್ಲೆ 2012ರ ಜನವರಿಯಲ್ಲಿ ತರಗತಿಗಳನ್ನು ನಿಲ್ಲಿಸಿ, ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಸಿ ಹೊರಗೆ ಸಾಗಿಸಿತು. ವಿದ್ಯಾರ್ಥಿಗಳು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ತೀರ್ಪು ಬಂತು: ಆ ಕಾನೂನನ್ನು ಮಾಡಿದ್ದರಲ್ಲೂ ಜಾರಿಗೊಳಿಸಿದ್ದರಲ್ಲೂ ಜನಾಂಗದ್ವೇಷ ಕೆಲಸ ಮಾಡಿದೆ, ಅದು ವಿದ್ಯಾರ್ಥಿಗಳ ಸಾಂವಿಧಾನಿಕ ಹಕ್ಕುಗಳನ್ನು ಉಲ್ಲಂಘಿಸಿದೆ. ಆ ತೀರ್ಪು ಬರೆದ ನ್ಯಾಯಾಧೀಶ ಎ. ವಾಲೇಸ್ ತಶೀಮಾ ಬಾಲ್ಯದಲ್ಲಿ ಪೋಸ್ಟನ್ ಶಿಬಿರದಲ್ಲಿ ಬಂಧಿಯಾಗಿದ್ದವರು.

ಈ ಅಧ್ಯಯನ ಯಾರೋ ಅಧಿಕಾರಿಗಳು ಮೇಲಿನಿಂದ ಹೇರಿದ್ದಲ್ಲ. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸಿನ ಸಾವಿರಾರು ಹೈಸ್ಕೂಲು ಮಕ್ಕಳು ಒಳ್ಳೆಯ ಶಿಕ್ಷಣ ಕೇಳಿ ತರಗತಿಗಳಿಂದ ಹೊರನಡೆದರು. ಅದೇ ವರ್ಷದ ನವೆಂಬರ್‌ನಿಂದ ಮರುವರ್ಷದ ಮಾರ್ಚ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಕಪ್ಪು, ಲ್ಯಾಟಿನೋ, ಮೂಲನಿವಾಸಿ ಮತ್ತು ಏಷ್ಯನ್ ವಿದ್ಯಾರ್ಥಿಗಳು ಒಟ್ಟಾಗಿ ಮುಷ್ಕರ ನಡೆಸಿದ್ದರ ಫಲವಾಗಿ ಎಥ್ನಿಕ್ ಸ್ಟಡೀಸ್‌ನ ಕಾಲೇಜೇ ಸ್ಥಾಪನೆಯಾಯಿತು. 1971ರಲ್ಲಿ ಡೇವಿಸ್ ಬಳಿ, ಸೈನ್ಯ ಬಿಟ್ಟುಹೋಗಿದ್ದ ನೆಲದಲ್ಲಿ, ಮೂಲನಿವಾಸಿಗಳೂ ಚಿಕಾನೋಗಳೂ (ಮೆಕ್ಸಿಕೋ ಮೂಲದ ಅಮೆರಿಕನ್ನರು) ಜೊತೆಗೂಡಿ ಡಿ-ಕ್ಯೂ ವಿಶ್ವವಿದ್ಯಾಲಯ ಕಟ್ಟಿದರು. ತಾವಿಬ್ಬರೂ ಇದೇ ಖಂಡದ ಮೂಲಜನರ ವಂಶದವರು ಎಂಬ ಅರಿವು ಆ ಸಂಸ್ಥೆಯ ಬುನಾದಿ. 2005ರಲ್ಲಿ ಅದು ಮಾನ್ಯತೆ ಕಳೆದುಕೊಂಡಿತು. ನನಗೆ ಇದು ಈ ಚರಿತ್ರೆಯ ದೊಡ್ಡ ನಷ್ಟಗಳಲ್ಲಿ ಒಂದೆಂದು ಅನ್ನಿಸುತ್ತದೆ.

ಏಕೆಂದರೆ ಆ ಅರಿವು ಹಿಂದೆಂದಿಗಿಂತ ಈಗ ಹೆಚ್ಚು ಬೇಕಾಗಿದೆ. ನಾವು ಕೊಳ್ಳುವ ಸ್ಟ್ರಾಬೆರಿಯನ್ನು ಆಕ್ಸ್‌ನಾರ್ಡ್, ಸಾಂತಾ ಮರಿಯಾ, ವಾಟ್ಸನ್‌ವಿಲ್‌ಗಳ ಹೊಲಗಳಲ್ಲಿ ಸೊಂಟ ಬಗ್ಗಿಸಿ ಬಿಡಿಸುವವರಲ್ಲಿ ಬಹಳಷ್ಟು ಜನ ಮೆಕ್ಸಿಕೋದ ಓಹಾಕಾ ಮತ್ತು ಗೆರೆರೋ ರಾಜ್ಯಗಳಿಂದ ಬಂದ ಮಿಶ್ಟೆಕ್, ಸಪೊಟೆಕ್, ತ್ರಿಕಿ ಮೂಲನಿವಾಸಿಗಳು. ಅವರ ಮನೆಮಾತು ಸ್ಪ್ಯಾನಿಷ್ ಅಲ್ಲ. ಮಿಶ್ಟೆಕ್‌ನಲ್ಲಿ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುತ್ತದೆ, ಒಂದು ಊರಿನ ಮಾತು ಮತ್ತೊಂದು ಊರಿಗೆ ಅರ್ಥವಾಗದಿರುವುದೂ ಉಂಟು. ಮೆಕ್ಸಿಕೋದಿಂದ ಬಂದವರಿಗೆಲ್ಲ ಸ್ಪ್ಯಾನಿಷ್ ಗೊತ್ತಿರುತ್ತದೆ ಎಂದು ನಂಬಿದ ಆಸ್ಪತ್ರೆ ಅಥವಾ ನ್ಯಾಯಾಲಯ ಅವರಿಗೆ ತಪ್ಪು ದುಭಾಷಿಯನ್ನು ಒದಗಿಸುತ್ತದೆ. ಅಮೆರಿಕದ ಜನಗಣತಿಯ ವ್ಯಾಖ್ಯೆಯ ಪ್ರಕಾರ ಉತ್ತರ, ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಮೂಲಜನರೆಲ್ಲರೂ ಅಮೆರಿಕನ್ ಇಂಡಿಯನ್ ವರ್ಗಕ್ಕೆ ಸೇರುತ್ತಾರೆ. ಹಾಗಾಗಿ ಮಿಶ್ಟೆಕ್ ಮಗು ಲ್ಯಾಟಿನೋವೂ ಹೌದು, ಮೂಲನಿವಾಸಿಯೂ ಹೌದು. ಇವೆರಡನ್ನೂ ಬೇರೆಬೇರೆ ಘಟಕಗಳಾಗಿ ಕಲಿಸುವ ಪಾಠದಲ್ಲಿ ಆ ಮಗುವಿಗೆ ಜಾಗವೆಲ್ಲಿ?

ಆ ಮಕ್ಕಳು ತರಗತಿಯಲ್ಲಿ ಅವಮಾನ ಅನುಭವಿಸುವುದು ಬಿಳಿಯರಿಂದ ಮಾತ್ರವಲ್ಲ, ಇತರ ಮೆಕ್ಸಿಕನ್ ಮಕ್ಕಳಿಂದಲೂ. ಓಹಾಕಿಟಾ (ಪುಟ್ಟ ಓಹಾಕಾದವಳು) ಎಂಬ ಹೀಯಾಳಿಕೆಯ ವಿರುದ್ಧ ಆಕ್ಸ್‌ನಾರ್ಡ್‌ನ ಮಿಶ್ಟೆಕ್ ಸಂಘಟನೆ 2012ರಲ್ಲಿ ಚಳವಳಿ ನಡೆಸಿ, ಅಲ್ಲಿನ ಶಾಲಾ ಜಿಲ್ಲೆ ಆ ಪದದ ಬಳಕೆಯನ್ನೇ ನಿಷೇಧಿಸುವಂತೆ ಮಾಡಿತು. ಹೀಗೆ ಹೀಯಾಳಿಸಲ್ಪಟ್ಟ ಮಕ್ಕಳ ಪೂರ್ವಿಕರು ಜಿಂಕೆಯ ಚರ್ಮದ ಮಡಿಕೆಗಳ ಮೇಲೆ ಚಿತ್ರಲಿಪಿಯಲ್ಲಿ ತಮ್ಮ ರಾಜವಂಶಗಳ ಚರಿತ್ರೆ ಬರೆದಿಟ್ಟವರು. ಸುಮಾರು ಸಾವಿರ ವರ್ಷಗಳ ಹಿಂದೆ ಹುಟ್ಟಿದ ಎಂಟು ಜಿಂಕೆ ಎಂಬ ಹೆಸರಿನ ಅರಸನ ಯುದ್ಧಗಳು, ಮದುವೆಗಳು, ಅವನ ಸಾವು ಎಲ್ಲವನ್ನೂ ಅವುಗಳಲ್ಲಿ ಓದಬಹುದು. 1949ರಲ್ಲಿ ಅಲ್ಫೋನ್ಸೋ ಕಾಸೋ ಎಂಬ ಮೆಕ್ಸಿಕೋದ ಪುರಾತತ್ವಜ್ಞರು ವಸಾಹತು ಕಾಲದ ಒಂದು ನಕ್ಷೆಯ ನೆರವಿನಿಂದ ಆ ಓದಿನ ದಾರಿ ತೆರೆದರು. ಸ್ಪೇನ್‌ನವರು ಬಹಳಷ್ಟನ್ನು ಸುಟ್ಟರು. ಉಳಿದವುಗಳಲ್ಲಿ ಬಹು ಸೊಗಸಾದ ಒಂದು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ತನ್ನ ಮನೆಯವರ ಭಾಷೆಗೆ ಇಷ್ಟು ಹಳೆಯ ಬರವಣಿಗೆಯಿದೆ ಎಂದು ಸ್ಟ್ರಾಬೆರಿ ಬಿಡಿಸುವವರ ಮಗಳು ಶಾಲೆಯಲ್ಲಿ ತಿಳಿಯಬೇಕು. ಅವಳ ಪಕ್ಕದಲ್ಲಿ ಕೂತ ನಮ್ಮ ಮಗನೂ ತಿಳಿಯಬೇಕು.

ವಿಜ್ಞಾನದ ಓದೇ ಮುಖ್ಯವೆನ್ನುವ ಪೋಷಕರಿಗೆ ಸಲಿನಾಸ್ ಕಣಿವೆಯ ಉದಾಹರಣೆ ಕೊಡುತ್ತೇನೆ. ಅಲ್ಲಿನ ಹೊಲಗಳ ಸುತ್ತ ವಾಸಿಸುವ ಸುಮಾರು 600 ಗರ್ಭಿಣಿಯರನ್ನು, ಆಮೇಲೆ ಅವರ ಮಕ್ಕಳನ್ನು, ಬರ್ಕ್ಲಿಯ ಸಂಶೋಧಕರು ಇಪ್ಪತ್ತಕ್ಕೂ ಹೆಚ್ಚು ವರ್ಷ ಅಧ್ಯಯನ ಮಾಡಿದರು; ಬಹುಪಾಲು ಮೆಕ್ಸಿಕೋ ಮೂಲದ ಕೂಲಿ ಕುಟುಂಬಗಳು ಅವು. ಗರ್ಭದಲ್ಲಿದ್ದಾಗ ಕೀಟನಾಶಕಗಳಿಗೆ ಹೆಚ್ಚು ಒಡ್ಡಿಕೊಂಡ ಮಕ್ಕಳ ಬುದ್ಧಿಶಕ್ತಿಯ ಬೆಳವಣಿಗೆ ಕುಂಠಿತವಾಗುವುದನ್ನು ಅವರು ಕಂಡರು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಬಳಕೆಯನ್ನು ರಾಜ್ಯ 2020ರ ಕೊನೆಗೆ ಬಹುಮಟ್ಟಿಗೆ ನಿಲ್ಲಿಸಿದ್ದರ ಹಿಂದೆ ಇಂಥ ಸಂಶೋಧನೆಗಳಿವೆ. ಸಮುದಾಯದ ಬದುಕನ್ನು, ಭಾಷೆಯನ್ನು ತಿಳಿಯದೆ ಅಷ್ಟು ವರ್ಷ ಅವರ ನಂಬಿಕೆ ಉಳಿಸಿಕೊಂಡು ಇಂಥ ವಿಜ್ಞಾನ ನಡೆಯುವುದಿಲ್ಲ.

ಆಕ್ಷೇಪಣೆಗಳಿಗೆ ಬರುತ್ತೇನೆ. 2019ರಲ್ಲಿ ಹೊರಬಂದ ಮಾದರಿ ಪಠ್ಯಕ್ರಮದ ಮೊದಲ ಕರಡನ್ನು ಯಹೂದಿ ಸಂಘಟನೆಗಳೂ ಸೇರಿ ಹಲವರು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿತ್ತು. ಕರಡನ್ನು ತಿದ್ದಿ ತಿದ್ದಿ 2021ರ ಮಾರ್ಚ್‌ನಲ್ಲಿ ಅಂಗೀಕರಿಸಲಾಯಿತು. ಯಾವುದೇ ಜನರ ಬಗ್ಗೆ ಪಕ್ಷಪಾತ ಅಥವಾ ತಾರತಮ್ಯ ಬೆಳೆಸುವ ಪಾಠ ಕೂಡದು, ಊರಿನ ಮಂಡಳಿ ತಾನೇ ರೂಪಿಸುವ ಪಾಠವನ್ನು ಒಂದು ಸಾರ್ವಜನಿಕ ಸಭೆಯಲ್ಲಿ ಮಂಡಿಸಿ ಇನ್ನೊಂದರಲ್ಲಿ ಮಾತ್ರ ಅಂಗೀಕರಿಸಬೇಕು ಎಂಬ ನಿಯಮಗಳು ಎಬಿ 101ರಲ್ಲೇ ಇವೆ. ಕೆಟ್ಟ ಪಾಠದ ಭಯವಿದ್ದವರು ಆ ಸಭೆಗಳಿಗೆ ಹೋಗಿ ಒಳ್ಳೆಯ ಪಾಠ ಕೇಳಬೇಕೇ ಹೊರತು ಪಾಠವೇ ಬೇಡ ಎನ್ನಬಾರದು. ಓದಿನಲ್ಲಿ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ಭಯಕ್ಕಂತೂ ಆಧಾರ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಅಂಕ ಕಡಿಮೆಯಿದ್ದ ಒಂಬತ್ತನೇ ತರಗತಿಯ ಮಕ್ಕಳು ಎಥ್ನಿಕ್ ಸ್ಟಡೀಸ್ ಓದಿದಾಗ ಅವರ ಹಾಜರಾತಿಯೂ ಒಟ್ಟು ಅಂಕಗಳೂ ಗಣನೀಯವಾಗಿ ಏರಿದವೆಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಆ ಅಧ್ಯಯನದ ವಿಧಾನವನ್ನು ಪ್ರಶ್ನಿಸಿದ ವಿದ್ವಾಂಸರೂ ಇದ್ದಾರೆ, ಆದ್ದರಿಂದ ನನ್ನ ವಾದವನ್ನು ಅದೊಂದರ ಮೇಲೆಯೇ ನಿಲ್ಲಿಸುವುದಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ಸೇರುವವರು ಹೇಗಿದ್ದರೂ ಈ ವಿಷಯದಲ್ಲಿ ಒಂದು ಪಾಠವನ್ನು ಮುಗಿಸಲೇಬೇಕೆಂದು 2020ರ ಕಾನೂನು ಹೇಳುತ್ತದೆ.

ನಾನು ಕೇಳುವುದು ಇಷ್ಟು. ನಿಮ್ಮ ಶಾಲಾ ಜಿಲ್ಲೆಯಲ್ಲಿ ಈ ಪಾಠ ಇದೆಯೇ, ಮುಂದಿನ ವರ್ಷವೂ ಇರುತ್ತದೆಯೇ ಎಂದು ವಿಚಾರಿಸಿ. ಇದ್ದರೆ, ಅದರಲ್ಲಿ ನಿಮ್ಮ ಊರಿನ ನೆಲದ ಮೂಲನಿವಾಸಿಗಳ ವರ್ತಮಾನವೂ ಸೇರಿದೆಯೇ, ಆ ಬುಡಕಟ್ಟಿನವರನ್ನು ಕೇಳಿ ಪಾಠ ಸಿದ್ಧಪಡಿಸಿದ್ದಾರೆಯೇ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಿಂದ ಬಂದ ಮೂಲನಿವಾಸಿ ಕುಟುಂಬಗಳ ವಿಷಯ ಇದೆಯೇ ಎಂದು ಕೇಳಿ. ನಿಮ್ಮ ಶಾಸಕರಿಗೆ ಬರೆದು, ಬರುವ ಬಜೆಟ್ಟಿನಲ್ಲಿ ಎಬಿ 101ಕ್ಕೆ ಹಣ ಇಡುವಂತೆ ಒತ್ತಾಯಿಸಿ. ಶಾಲಾ ಮಂಡಳಿಯ ಮಾಮೂಲು ಸಭೆಯ ಕಾರ್ಯಸೂಚಿ ಕನಿಷ್ಠ 72 ಗಂಟೆ ಮೊದಲು ಪ್ರಕಟವಾಗಬೇಕೆಂಬ ನಿಯಮವಿದೆ. ಅದನ್ನು ನೋಡಿಕೊಂಡು ಸಭೆಗೆ ಹೋಗಿ, ಸಾರ್ವಜನಿಕರಿಗೆ ಮಾತನಾಡಲು ಕೊಡುವ ಸಮಯದಲ್ಲಿ ಎದ್ದು ಮಾತನಾಡಿ. ನಿಮ್ಮ ಜೊತೆಗಿರುವ ಅಜ್ಜ ಅಜ್ಜಿಯರಿಗೂ ಈ ಬಗ್ಗೆ ಹೇಳುವುದಿದ್ದರೆ ಅವರು ಕನ್ನಡದಲ್ಲೇ ಹೇಳಬಹುದು. ದುಭಾಷಿಯ ಮೂಲಕ ಮಾತನಾಡುವವರಿಗೆ ಕನಿಷ್ಠ ಎರಡು ಪಟ್ಟು ಸಮಯ ಕೊಡಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಒಬ್ಬ ಕನ್ನಡಿಗ ಪೋಷಕ